ಭಾವಂದಿರ ಎರಡು ಲೆನ್ಸು

ಲೆನ್ಸ್ ಪರೀಕ್ಷೆ ಮಾಡಿಸಲು ನನ್ನ ಅಂಗಡಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಲೆನ್ಸ್ ಹೇಗಿದೆ ಎಂದು ತಿಳಿಯುವುದು ಬೇಕಿರಲಿಲ್ಲ. ತಮ್ಮದು ಇನ್ನೊಬ್ಬನದಕ್ಕಿಂತ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಸಾಕಿತ್ತು. ಈ ಕೆಲಸಕ್ಕೆ ಹೊಸದಾಗಿ ಬರುವವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ನನಗೆ ಯಾರೂ ಹೇಳಿಕೊಡಲಿಲ್ಲ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲಿನ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತ, ಕ್ಯಾಮೆರಾ ರಿಪೇರಿ ಮಾಡುತ್ತ, ಬೈಗುಳ ತಿನ್ನುತ್ತ ನಾನೇ ಕಲಿತೆ.

ಈಗ ಸ್ಟುಡಿಯೋ ಮುಚ್ಚಿ ಮನೆಯಲ್ಲಿದ್ದೇನೆ. ಆದರೂ ಆಗಾಗ ಯಾರಾದರೂ ಹುಡುಗರು ಫೋನ್ ಮಾಡುತ್ತಾರೆ. ಅಟ್ಟದಲ್ಲಿ ಮಡಚುವ ಕ್ಯಾಮೆರಾ ಸಿಕ್ಕಿದೆ, ಲೆನ್ಸ್ ಯಾವುದು ಒಳ್ಳೆಯದು ಸಾರ್ ಎಂದು ಕೇಳುತ್ತಾರೆ. ಈ ಮಡಚುವ ಕ್ಯಾಮೆರಾ ನೋಡದವರಿಗೆ ಹೇಳುತ್ತೇನೆ. ಮುಚ್ಚಿದ್ದಾಗ ಅದು ದಪ್ಪ ಪುಸ್ತಕದಷ್ಟು. ಗುಂಡಿ ಒತ್ತಿದರೆ ಮುಂದಿನ ಬಾಗಿಲು ಬಿದ್ದು, ಹಾರ್ಮೋನಿಯಂ ತಿದಿಯಂಥ ಕಪ್ಪು ಬೆಲೋಸಿನ ತುದಿಯಲ್ಲಿ ಲೆನ್ಸ್ ಹೊರಗೆ ಬಂದು ನಿಲ್ಲುತ್ತದೆ. ಒಳಗೆ ಹಾಕುವುದು ಅಗಲವಾದ ಒನ್ ಟ್ವೆಂಟಿ ಫಿಲ್ಮ್ ರೋಲು, ಚಿತ್ರ ಹೆಚ್ಚಾಗಿ ಕಪ್ಪು ಬಿಳುಪು, ಚೌಕ. ಅಂಥ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಎರಡು ಜಾತಿಯ ಲೆನ್ಸು. ಮೂರು ಗಾಜಿನದು ಅಗ್ಗದ್ದು, ನಾಲ್ಕು ಗಾಜಿನದು ದುಬಾರಿಯದು. ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದರೆ ಮೂರು ಗಾಜಿನದರಲ್ಲಿ ಚಿತ್ರದ ಮೂಲೆಗಳು ಮಬ್ಬು. ಬಾಯಿ ಚಿಕ್ಕದು ಮಾಡಿ ತೆಗೆದರೆ ಯಾವುದರಲ್ಲಿ ತೆಗೆದದ್ದೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಫೋನ್ ಮಾಡಿದವರಿಗೆ ಇಷ್ಟು ಹೇಳಿದರೆ ಅವರ ದನಿ ಸಣ್ಣಗಾಗುತ್ತದೆ. ಬೇರೆ ಏನೋ ಕೇಳಲು ಬಯಸಿರುತ್ತಾರೆ.

ನಾನು ಲೆನ್ಸ್ ನೋಡಲು ಕಲಿತದ್ದು ಶಿವಮೊಗ್ಗದಲ್ಲಿ, ಒಬ್ಬ ಸಿಡುಕು ಯಜಮಾನರ ಕೈಕೆಳಗೆ. ಅವರ ವಿಧಾನ ಸರಳವಾಗಿತ್ತು. ಗೋಡೆಗೆ ದಿನಪತ್ರಿಕೆ ಅಂಟಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಫೋಟೋ ತೆಗೆಯುವುದು. ಆಮೇಲೆ ಮೂಲೆಯ ಅಕ್ಷರ ಓದಲು ಬರುತ್ತದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು. ಅದಕ್ಕೆ ಅವರು ಟೆಂಡರ್ ಪ್ರಕಟಣೆಯ ಪುಟವನ್ನೇ ಆರಿಸುತ್ತಿದ್ದರು, ಅಷ್ಟು ಸಣ್ಣ ಅಕ್ಷರ ಬೇರೆಲ್ಲೂ ಇರುವುದಿಲ್ಲ. ನಾನು ಪ್ರಿಂಟ್ ತಂದು "ಲೆನ್ಸ್ ಚೆನ್ನಾಗಿದೆ" ಎಂದರೆ ಅವರು ಲೆನ್ಸಿನ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. "ಎಡಗಡೆ ಕೆಳಗಿನ ಮೂಲೇಲಿ ಮೋರಿ ಕೆಲಸ ಇದೆಯಲ್ಲ, ಅದು ಯಾವ ಊರಿಂದು?" ಎನ್ನುತ್ತಿದ್ದರು. ನಾನು ತಡವರಿಸಿದರೆ ಒಂದೋ ಲೆನ್ಸ್ ಕೆಟ್ಟದ್ದು, ಇಲ್ಲವೇ ನಾನು ಸೋಮಾರಿ. ಹೆಚ್ಚಿನ ಸಲ ಅವರು ಎರಡನೆಯದನ್ನೇ ನಂಬುತ್ತಿದ್ದರು. ಹೀಗಾಗಿ ಜಿಲ್ಲೆಯ ಮೋರಿ, ಕಾಲುಸಂಕ, ಶಾಲೆಯ ಹೆಂಚು, ಎಲ್ಲದರ ವಿವರ ನನಗೆ ಬಾಯಿಪಾಠವಾಗಿತ್ತು.

ಕೊಪ್ಪಕ್ಕೆ ಬಂದು ಅಂಗಡಿ ಇಟ್ಟ ಮೇಲೆ ತಿಳಿಯಿತು, ನಮ್ಮ ಕಡೆ ಲೆನ್ಸಿನ ಶತ್ರು ಬೇರೆಯೇ ಇದೆ ಎಂದು. ಮಳೆಗಾಲ ಮುಗಿದ ಕೂಡಲೆ ಗಾಜಿಗೆ ಬೂಷ್ಟು ಹಿಡಿದ ಕ್ಯಾಮೆರಾಗಳು ಸಾಲಾಗಿ ಬರುತ್ತಿದ್ದವು. ಕಿಗ್ಗದ ಕಡೆಯ ಒಬ್ಬ ಹಿರಿಯರು ನಾನು ಹೇಳುವ ಮೊದಲೇ ತಾವೇ ಚಿಕಿತ್ಸೆ ಮಾಡಿಕೊಂಡು ಬಂದಿದ್ದರು. ಗಾಜಿನ ಮೇಲೆ ಜಿಡ್ಡು ಕಂಡು ಏನು ಹಚ್ಚಿದಿರಿ ಎಂದು ಕೇಳಿದೆ.

"ಕೊಬ್ಬರಿ ಎಣ್ಣೆ. ಶುದ್ಧ ಮನೇದು."

"ಗಾಜಿಗೆ ಎಣ್ಣೆ ಹಚ್ತಾರಾ?"

"ಎಂತ ಮಾರಾಯ, ತಲೆಗೆ ಹಚ್ಚಿದ್ರೆ ಹೊಟ್ಟು ಹೋಗ್ತದೆ. ಇದಕ್ಕೆ ಹೋಗ್ಲಿಲ್ಲ ಅಂದ್ರೆ ಲೆನ್ಸೇ ಸರಿ ಇಲ್ಲ."

ಕೆರೆಕಟ್ಟೆಯಿಂದ ಬಂದ ಇನ್ನೊಬ್ಬರು ತಮ್ಮ ಕ್ಯಾಮೆರಾದಲ್ಲಿ ಚಿತ್ರದ ನಡುವೆ ಯಾವಾಗಲೂ ಕಪ್ಪು ಗುಡ್ಡವೊಂದು ಬರುತ್ತದೆ ಎಂದರು. ಲೆನ್ಸಿನ ಗಾಜುಗಳ ಅಂಟು ಬಿಟ್ಟಿದೆ, ರಿಪೇರಿ ಸುಲಭವಲ್ಲ ಎಂದು ನಾನು ಗಂಭೀರವಾಗಿ ಭಾಷಣ ಮಾಡಿ ಹಿಂಬಾಗಿಲು ತೆಗೆದೆ. ಬೆಲೋಸಿನೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಅವರು ಇಣುಕಿ ನೋಡಿ, "ಅಂಟು ಬಿಟ್ಟಿಲ್ಲ, ಗಟ್ಟಿಯಾಗೇ ಹಿಡಿದಿದೆ" ಎಂದರು. ಅಂದಿನಿಂದ ಮೊದಲು ಹಿಂಬಾಗಿಲು ತೆಗೆಯುವುದು, ಆಮೇಲೆ ಬಾಯಿ ತೆಗೆಯುವುದು ಎಂಬ ಕ್ರಮ ಇಟ್ಟುಕೊಂಡೆ.

ಇಂಥವು ನೂರು ಹೇಳಬಹುದು. ಆದರೆ ನಾನು ಹೇಳಲೇಬೇಕಾದದ್ದು ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷಕ್ಕೆ ನಡೆದದ್ದು. ಆಗ ಡಿಜಿಟಲ್ ಕ್ಯಾಮೆರಾ ನಮ್ಮ ಊರುಗಳಿಗೆ ಮೆಲ್ಲಗೆ ಕಾಲಿಡುತ್ತಿತ್ತು. ಒನ್ ಟ್ವೆಂಟಿ ರೋಲು ಬೇಕೆಂದರೆ ಬೆಂಗಳೂರಿಗೆ ಹೇಳಿ ಕಳಿಸಬೇಕಿತ್ತು. ಮದುವೆ ಫೋಟೋದ ಸಂಪಾದನೆ ಕಡಿಮೆಯಾಗಿ ತಲೆ ತುರಿಸಿಕೊಳ್ಳುತ್ತ ಕೂತಿದ್ದ ಕಾಲದಲ್ಲಿ ಸುಬ್ರಾಯರು ಮಹಡಿ ಹತ್ತಿ ಬಂದರು.

ಸುಬ್ರಾಯರದು ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ಅಂಗಡಿ. ದೊಡ್ಡ ದೇಹ, ದೊಡ್ಡ ದನಿ. ಬಟ್ಟೆ ಚೀಲದಿಂದ ಮಡಚುವ ಕ್ಯಾಮೆರಾವೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಮಂಜಪ್ಪ, ಇದು ನಮ್ಮ ಅಪ್ಪ ಕೊಟ್ಟದ್ದು. ನಾಲ್ಕು ಗಾಜಿಂದಂತೆ. ಇದಕ್ಕಿಂತ ಒಳ್ಳೆ ಲೆನ್ಸ್ ಈ ಮೂರು ತಾಲೂಕಲ್ಲಿ ಇಲ್ಲ ಅಂತ ಒಂದು ಮಾತು ಹೇಳಿಬಿಡು" ಎಂದರು.

ನೋಡದೆ ಹೇಳಲಾರೆ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಶೃಂಗೇರಿ ಗಣಪಯ್ಯನ ಕ್ಯಾಮೆರಾ ನಿನ್ನತ್ರ ಬಂದಿತ್ತಾ? ಅದು ಹೆಂಗಿದೆ?"

ಬಂದಿರಲಿಲ್ಲ. ಆದರೆ ಮುಂದಿನ ವಾರವೇ ಬಂತು. ಗಣಪಯ್ಯನವರು ಶೃಂಗೇರಿಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ತೆಳ್ಳಗಿನ ಮನುಷ್ಯ, ಮಾತು ತೂಗಿ ಆಡುವವರು. ಅವರು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಂದದ್ದೂ ಮಡಚುವ ಕ್ಯಾಮೆರಾವೇ. "ನಮ್ಮ ಮಾವ ಕೊಟ್ಟದ್ದು. ಪರೀಕ್ಷೆಯೇನೂ ಬೇಡ, ಉತ್ತಮವಾಗಿಯೇ ಇದೆ. ಆದರೂ ನೀವೊಮ್ಮೆ ನೋಡಿ" ಎಂದರು. ನಾನು ನೋಡುತ್ತಿದ್ದಾಗ ಕಿಟಕಿಯ ಹೊರಗೆ ದೃಷ್ಟಿಯಿಟ್ಟು, "ಎನ್.ಆರ್.ಪುರದ ಭಾವ ಇತ್ತ ಬಂದಿದ್ದರೋ?" ಎಂದು ಕೇಳಿದರು.

ಸಂಬಂಧ ಆಗ ತಿಳಿಯಿತು. ಸುಬ್ರಾಯರ ತಂಗಿ ಜಲಜಮ್ಮನನ್ನು ಗಣಪಯ್ಯನವರಿಗೆ ಕೊಟ್ಟಿತ್ತು. ಮದುವೆಯ ಕಾಲದಲ್ಲಿ ಜಲಜಮ್ಮನ ತಂದೆ ಮಗನಿಗೊಂದು, ಅಳಿಯನಿಗೊಂದು ಕ್ಯಾಮೆರಾ ಕೊಟ್ಟರು. ಹೊರಗಿನಿಂದ ಎರಡೂ ಅವಳಿ ಮಕ್ಕಳ ಹಾಗೆ. ಲೆನ್ಸ್ ಮಾತ್ರ ಬೇರೆ, ಮಗನದು ನಾಲ್ಕು ಗಾಜು, ಅಳಿಯನದು ಮೂರು. ಆ ಯಜಮಾನರು ಏನನ್ನೂ ವಿವರಿಸದೆ ತೀರಿಕೊಂಡಿದ್ದರು. ಅಂದಿನಿಂದ ಇಬ್ಬರೂ ಊರಿಗೆಲ್ಲ ತನ್ನದೇ ಮೇಲು ಎಂದು ಹೇಳುತ್ತ, ಒಳಗೊಳಗೆ ಇನ್ನೊಬ್ಬನಿಗೇ ಒಳ್ಳೆಯದು ಸಿಕ್ಕಿದೆ ಎಂದು ಕೊರಗುತ್ತ ವರ್ಷಗಳನ್ನು ಕಳೆದಿದ್ದರು. ಮೊದಮೊದಲು ತಮಾಷೆಯಾಗಿದ್ದದ್ದು ಬರಬರುತ್ತ ಗಟ್ಟಿಯಾಗಿತ್ತು. ಅವರ ಮನೆಯ ಶುಭಕಾರ್ಯಕ್ಕೆ ಇವರು ಊಟದ ಹೊತ್ತಿಗೆ ಬಂದು ಹೋಗುವುದು, ಇವರ ಮನೆಯದಕ್ಕೆ ಅವರು ಉಡುಗೊರೆ ಮಾತ್ರ ಕಳಿಸುವುದು. ಜಲಜಮ್ಮನಿಗೆ ತವರಿಗೆ ಹೋಗಬೇಕಾದರೆ ಒಬ್ಬರೇ ಬಸ್ಸು ಹತ್ತಬೇಕಿತ್ತು.

ನಾನು ಇಬ್ಬರಿಗೂ ಒಂದೇ ಮಾತು ಹೇಳಿದೆ. ಬೇರೆ ಬೇರೆ ನೋಡಿದರೆ ಪ್ರಯೋಜನವಿಲ್ಲ. ಒಂದೇ ಗೋಡೆ, ಒಂದೇ ಬಿಸಿಲು, ಒಂದೇ ಜಾತಿಯ ಫಿಲ್ಮು ಇರಬೇಕು, ಇಬ್ಬರೂ ಎದುರಿಗಿರಬೇಕು. ಎಲ್ಲಿ ಎಂಬುದೇ ದೊಡ್ಡ ಚರ್ಚೆಯಾಯಿತು. ಸುಬ್ರಾಯರು ಶೃಂಗೇರಿಗೆ ಬರುವುದಿಲ್ಲ, ಗಣಪಯ್ಯನವರು ಎನ್.ಆರ್.ಪುರಕ್ಕೆ ಹೋಗುವುದಿಲ್ಲ. ನಡುವೆ ಇರುವ ಊರು ಕೊಪ್ಪ. ಹಾಗಾಗಿ ನನ್ನ ಸ್ಟುಡಿಯೋದ ತಾರಸಿಯೇ ಗತಿಯಾಯಿತು.

ದೀಪಾವಳಿ ಕಳೆದ ಒಂದು ಬೆಳಿಗ್ಗೆ ಇಬ್ಬರೂ ಬಂದರು. ನಾನು ಟೆಂಡರ್ ಪುಟ ಅಂಟಿಸಿದ್ದೆ. ಸುಬ್ರಾಯರು ಅದನ್ನು ನೋಡಿದವರೇ, "ಈ ಪುಟ ಆಗಲ್ಲ" ಎಂದರು.

"ಯಾಕೆ?"

"ಮೂಲೇಲಿ ನೋಡು, ಬೇರೆ ಕಂಪನಿ ಪಂಪ್‌ಸೆಟ್ ಜಾಹೀರಾತು. ನನ್ನ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆಯಲ್ಲ."

ಬೇರೆ ಪುಟ ಅಂಟಿಸಿದೆ. ಅವರು ಅಂಗಡಿಯಿಂದ ತಂದಿದ್ದ ಟೇಪು ಹಿಡಿದು ಗೋಡೆಯಿಂದ ಕ್ಯಾಮೆರಾದ ದೂರವನ್ನು ಮತ್ತೆ ಮತ್ತೆ ಅಳೆದರು. ಗಣಪಯ್ಯನವರು ಅಳತೆಗೆ ಆಕ್ಷೇಪಿಸಲಿಲ್ಲ. ಆದರೆ ತಮ್ಮ ಸರದಿ ಬಂದಾಗ ಭಾವನ ಹೊಟ್ಟೆ ಸ್ಟ್ಯಾಂಡಿಗೆ ತಾಗುವ ಸಂಭವವಿದೆ ಎಂದು ಸೌಮ್ಯವಾಗಿ ಸೂಚಿಸಿದರು. ಸುಬ್ರಾಯರು ತಾರಸಿಯ ಆಚೆ ತುದಿಗೆ ಹೋಗಿ ನಿಂತರು. ಅಲ್ಲಿಂದಲೇ "ಉಸಿರಾಡಬಹುದಾ?" ಎಂದು ಕೂಗಿದರು.

ಫಿಲ್ಮ್ ತೊಳೆದು ಪ್ರಿಂಟ್ ಹಾಕಿದೆ. ಗಣಪಯ್ಯನವರ ಮೂರು ಗಾಜು ಅದರ ಯೋಗ್ಯತೆಗೆ ತಕ್ಕಂತೆ ಚೊಕ್ಕವಾಗಿ ಬಂದಿತ್ತು. ಸುಬ್ರಾಯರ ನಾಲ್ಕು ಗಾಜು ಪೂರ್ತಿ ಮಬ್ಬು. ಮೂಲೆ ಹೋಗಲಿ, ನಡುವಿನ ದಪ್ಪ ತಲೆಬರಹವೂ ನೀರಿನಲ್ಲಿ ನೆನೆದಂತೆ ಕಾಣುತ್ತಿತ್ತು. ಗಣಪಯ್ಯನವರು ನಗು ತಡೆಯಲು ಬಹಳ ಪ್ರಯತ್ನಪಟ್ಟರು. ಕೊನೆಗೆ "ಪಾಪ" ಎಂದರು.

ಆ ಒಂದು ಮಾತಿಗೆ ಸುಬ್ರಾಯರು ಕುರ್ಚಿಯಲ್ಲಿ ಕುಸಿದರು. ದೊಡ್ಡ ದನಿ ಎಲ್ಲೋ ಹೋಗಿತ್ತು. "ನಂಗೆ ಗೊತ್ತಿತ್ತು. ಈ ಕ್ಯಾಮೆರಾದಲ್ಲಿ ಒಂದು ದಿನಾನೂ ಒಂದು ಫೋಟೋ ಸರಿಯಾಗಿ ಬರ್ಲಿಲ್ಲ. ಅಪ್ಪ ನಂಗೆ ಕೆಟ್ಟದ್ದೇ ಕೊಟ್ಟ. ಮಗ ಹೆಂಗೂ ಮನೇಲೇ ಇರ್ತಾನೆ, ಅಳಿಯನ್ನ ಖುಷಿ ಮಾಡ್ಬೇಕು ಅಂತ."

ಗಣಪಯ್ಯನವರು ತಲೆ ತಗ್ಗಿಸಿದರು. ಅದುವರೆಗೆ ಇವರಿಬ್ಬರ ಜಗಳ ನೋಡಿ ಒಳಗೇ ನಗುತ್ತಿದ್ದ ನನಗೂ ಆಗ ನಗು ಬರಲಿಲ್ಲ. ಐವತ್ತೈದು ದಾಟಿದ ಮನುಷ್ಯ ಅಪ್ಪ ತನಗೆ ಕಡಿಮೆ ಕೊಟ್ಟ ಎಂದು ಕಣ್ಣು ಒರೆಸಿಕೊಳ್ಳುವುದನ್ನು ನೋಡುವುದು ಕಷ್ಟ.

ಕ್ಯಾಮೆರಾ ಬಿಟ್ಟು ಹೋಗಿ ಎಂದೆ. ಒಳ್ಳೆಯ ಜಾತಿಯ ಲೆನ್ಸು ಇಷ್ಟು ಕೆಟ್ಟದಾಗಿ ಬರುವುದು ಸಹಜವಲ್ಲ. ಮಾರನೆಯ ದಿನ ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಜಾಗದಲ್ಲಿ ಉಜ್ಜಿ ಮಸುಕು ಮಾಡಿದ ಗಾಜು ಇಟ್ಟು, ದೂರದ ಗುಡ್ಡದ ಮೇಲಿನ ಟವರನ್ನು ನೋಡಿದೆ. ಲೆನ್ಸಿನ ಉಂಗುರವನ್ನು ದೂರಕ್ಕೆ ತಿರುಗಿಸಿದರೂ ಟವರು ಮಬ್ಬಾಗಿಯೇ ಇತ್ತು. ಕಾರಣ ಸಣ್ಣದು. ಯಾರೋ ಹಿಂದೊಮ್ಮೆ ಮುಂದಿನ ಗಾಜನ್ನು ಬಿಚ್ಚಿ ಒರೆಸಿ, ಮತ್ತೆ ಹಾಕುವಾಗ ಅದರ ತಿರುಪನ್ನು ತಪ್ಪು ಸುತ್ತಿನಲ್ಲಿ ಹಿಡಿಸಿದ್ದರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಓರೆಯಾಗಿ ಕೂತರೆ ಹೇಗೋ ಹಾಗೆ, ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಸರಿಯಾಗಿ ಹಿಡಿಸಿದೆ. ಟವರಿನ ಒಂದೊಂದು ಕಂಬಿಯೂ ಗಾಜಿನ ಮೇಲೆ ಕೂದಲೆಳೆಯಂತೆ ಬಂದು ನಿಂತಿತು.

ಫೋನಿನಲ್ಲಿ ಹೇಳಿದಾಗ ಸುಬ್ರಾಯರ ದನಿ ವಾಪಸ್ ಬಂತು. "ಅಪ್ಪ ಒಳ್ಳೇದೇ ಕೊಟ್ಟಿದ್ದ ಮಾರಾಯ! ಅಪ್ಪ ಒಳ್ಳೇದೇ ಕೊಟ್ಟಿದ್ದ!" ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಅದನ್ನೇ ಕೂಗಿ ಹೇಳಿದ್ದು ನನಗೆ ಕೇಳಿಸಿತು.

ಈಗ ಕೊರಗುವ ಸರದಿ ಗಣಪಯ್ಯನವರದು. "ಅಂದರೆ ಮಾವ ಮಗನಿಗೆ ನಾಲ್ಕು, ಅಳಿಯನಿಗೆ ಮೂರು ಎಂದು ಲೆಕ್ಕ ಹಾಕಿಯೇ ಕೊಟ್ಟದ್ದು" ಎಂದರು. ಬಾಯಿ ಚಿಕ್ಕದು ಮಾಡಿ ತೆಗೆದರೆ ಎರಡೂ ಒಂದೇ ಎಂದು ನಾನು ಹೇಳಿದ್ದನ್ನು ಅವರು ಸಮಾಧಾನದ ಮಾತು ಎಂದು ತಳ್ಳಿಹಾಕಿದರು. ಮತ್ತೆ ಪರೀಕ್ಷೆ ಆಗಬೇಕು ಎಂದರು. ಈ ಸಲ ಪತ್ರಿಕೆ ಬೇಡ. "ಕ್ಯಾಮೆರಾ ಇರುವುದು ಮನುಷ್ಯರ ಮುಖ ತೆಗೆಯಲಿಕ್ಕೆ, ಮೋರಿ ಟೆಂಡರ್ ತೆಗೆಯಲಿಕ್ಕಲ್ಲ."

ಯಾರ ಮುಖ ಎಂಬ ಪ್ರಶ್ನೆ ಬಂತು. ಗಣಪಯ್ಯನವರ ಮುಖ ಸುಬ್ರಾಯರಿಗೆ ಒಪ್ಪಿಗೆಯಿಲ್ಲ. ಸುಬ್ರಾಯರ ಮುಖ ಅಗಲವಾಗಿದೆ, ಅದು ನಾಲ್ಕು ಗಾಜಿಗೆ ಅನುಕೂಲ ಎಂಬುದು ಗಣಪಯ್ಯನವರ ಅನುಮಾನ. ನನ್ನ ಮುಖ ಇಬ್ಬರಿಗೂ ಬೇಡ. ಇಬ್ಬರೂ ಒಪ್ಪುವ ಮುಖ ಲೋಕದಲ್ಲಿ ಒಂದೇ ಇತ್ತು.

ಜಲಜಮ್ಮ ಹೀಗೆ ನನ್ನ ತಾರಸಿಗೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೇಟೆಯ ಚೀಲ. ಬಂದವರೇ ಅಣ್ಣನನ್ನೂ ಗಂಡನನ್ನೂ ಮೇಲಿಂದ ಕೆಳಗೆ ನೋಡಿ, "ಮದುವೆ ದಿನ ಬಿಟ್ರೆ ಇವ್ರಿಬ್ರು ಒಂದೇ ಕಡೆ ನಿಂತದ್ದು ಇವತ್ತೇ. ಫೋಟೋ ಇವ್ರದ್ದೇ ತೆಗೀರಿ ಮಂಜಣ್ಣ" ಎಂದರು.

ಬಿಸಿಲು ಒಂದು ಪಕ್ಕದಿಂದ ಬೀಳುವಂತೆ ಅವರನ್ನು ಕೂರಿಸಿದೆ. ಒಂದು ಕ್ಯಾಮೆರಾದಲ್ಲಿ ಒಂದು ರೋಲು, ಇನ್ನೊಂದರಲ್ಲಿ ಇನ್ನೊಂದು. ಗದ್ದ ಸ್ವಲ್ಪ ಮೇಲೆತ್ತಿ ಎಂದರೆ ಎತ್ತಿದರು, ನಗಬೇಡಿ ಎಂದರೆ ಜೋರಾಗಿ ನಕ್ಕರು. ನಡುವೆ ಸುಬ್ರಾಯರು ಟೇಪು ಹಿಡಿದು ತಂಗಿಯ ಮೂಗಿನಿಂದ ಲೆನ್ಸಿನವರೆಗೆ ಅಳೆಯಲು ಬಂದರು. "ಅಣ್ಣ, ಅದನ್ನ ಮೂಗಿಗೆ ಚುಚ್ಚಿದ್ರೆ ನಾನು ಈಗಲೇ ಬಸ್ ಹತ್ತಿ ಹೋಗ್ತೀನಿ" ಎಂದು ತಂಗಿ ಗದರಿದ ಮೇಲೆ ದೂರ ಸರಿದರು.

ಮಾರನೆಯ ಬೆಳಿಗ್ಗೆ ದೊಡ್ಡ ಪ್ರಿಂಟುಗಳನ್ನು ಹಾಕಿ ಒಣಗಿಸಿದೆ. ಮೊದಲು ನೋಡಿದ್ದು ಗಣಪಯ್ಯನವರ ಕ್ಯಾಮೆರಾದ್ದು. ಮುಖ ಚೆನ್ನಾಗಿ ಬಂದಿತ್ತು. ಆದರೆ ಕತ್ತಿನ ಬುಡದಲ್ಲಿ, ಒಂದು ಪಕ್ಕಕ್ಕೆ, ಬೇಡದ ನೆರಳೊಂದು ಬಿದ್ದಿತ್ತು. ಇಂಥದ್ದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ. ಮಡಚುವ ಕ್ಯಾಮೆರಾದಲ್ಲಿ ಫಿಲ್ಮ್ ಬಿಗಿಯಾಗಿ ಕೂರುವುದಿಲ್ಲ, ಕೆಲವು ಕಡೆ ಉಬ್ಬುತ್ತದೆ, ಉಬ್ಬಿದ ಕಡೆ ಚಿತ್ರ ಕೆಡುತ್ತದೆ. ಫಿಲ್ಮ್ ಉಬ್ಬಿದೆ ಎಂದುಕೊಂಡು ಪಕ್ಕಕ್ಕಿಟ್ಟೆ. ಸುಬ್ರಾಯರ ಕ್ಯಾಮೆರಾದ್ದನ್ನು ಎತ್ತಿಕೊಂಡೆ. ಅದರಲ್ಲೂ ಅದೇ ಜಾಗದಲ್ಲಿ ಅದೇ ನೆರಳು. ಇನ್ನೂ ಸ್ಪಷ್ಟವಾಗಿ, ಸುತ್ತ ಅಂಚು ಕಾಣುವಷ್ಟು.

ಎರಡು ಕ್ಯಾಮೆರಾ, ಎರಡು ಲೆನ್ಸು, ಎರಡು ರೋಲು. ಒಂದರ ದೋಷ ಇನ್ನೊಂದಕ್ಕೆ ಬರುವ ದಾರಿಯೇ ಇಲ್ಲ. ಉಳಿದ ಪ್ರಿಂಟುಗಳನ್ನೂ ಹರಡಿಕೊಂಡು ಭೂತಗನ್ನಡಿ ಹಿಡಿದೆ. ಗದ್ದ ಎತ್ತಿದ ಪ್ರತಿಯೊಂದರಲ್ಲೂ ಅದು ಇತ್ತು. ಉಬ್ಬಿದ್ದು ಫಿಲ್ಮ್ ಅಲ್ಲ, ಜಲಜಮ್ಮನ ಕತ್ತು. ಮಾತಾಡುವಾಗ ಅವರು ಸದಾ ಅಲ್ಲಾಡುತ್ತಿದ್ದುದರಿಂದ, ಸೆರಗು ಸರ ಎಲ್ಲ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನೇ ಅವರ ಎದುರು ನಿಂತು ರೋಲು ಮುಗಿಸಿದ್ದೆ, ನನಗೂ ಕಂಡಿರಲಿಲ್ಲ.

ಇದನ್ನು ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದಂತೆ ಇಬ್ಬರೂ ಬಂದರು. ಜಲಜಮ್ಮ ಬಂದಿರಲಿಲ್ಲ. ಇಬ್ಬರೂ ಮೇಜಿಗೆ ಮುತ್ತಿಗೆ ಹಾಕಿ ರೆಪ್ಪೆಯ ಕೂದಲು, ಮೂಗುತಿಯ ಹರಳು ನೋಡತೊಡಗಿದರು. ನಾನು ಎರಡು ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟು, "ಇಲ್ಲಿ, ಕತ್ತಿನ ಹತ್ರ ಒಮ್ಮೆ ನೋಡಿ" ಎಂದೆ.

ಸುಬ್ರಾಯರು ಭೂತಗನ್ನಡಿ ಕಸಿದುಕೊಂಡು ಬಗ್ಗಿದರು. "ಓ, ಒಂದು ಉಂಡೆ ಇದೆ! ನಂದ್ರಲ್ಲಿ ಎಷ್ಟು ಸ್ಪಷ್ಟ ಬಂದಿದೆ ನೋಡು. ಅಂಚು ಸಮೇತ ಬಂದಿದೆ!"

"ನನ್ನದರಲ್ಲೂ ಇದೆ" ಎಂದು ಗಣಪಯ್ಯನವರು ತಮ್ಮ ಪ್ರಿಂಟನ್ನು ಬೆಳಕಿಗೆ ಎತ್ತಿದರು. "ನೋಡಿ, ಉಂಡೆ ಉಂಡೆಯಾಗಿಯೇ ಕಾಣುತ್ತದೆ. ನಿಮ್ಮದರಲ್ಲಿ ಬರೀ ಅಂಚು. ನನ್ನದರಲ್ಲಿ ಅದರ ದುಂಡು..."

ಪ್ರಿಂಟ್ ಹಿಡಿದ ಕೈ ಕೆಳಗಿಳಿಯಿತು. ಸುಬ್ರಾಯರೂ ಭೂತಗನ್ನಡಿಯಿಂದ ಕಣ್ಣು ತೆಗೆದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಭಾವ, ಇದೆಂತ?" ಎಂದರು ಸುಬ್ರಾಯರು.

"ಗೊತ್ತಿಲ್ಲ" ಎಂದರು ಗಣಪಯ್ಯನವರು. "ದಿನಾ ಎದುರಿಗೇ ಇರುತ್ತಾಳೆ. ನಾನು ನೋಡಲಿಲ್ಲ."

ಸುಬ್ರಾಯರ ಜೀಪು ಕೆಳಗೆ ನಿಂತಿತ್ತು. ಇಬ್ಬರೂ ಅದೇ ಜೀಪು ಹತ್ತಿ ಶೃಂಗೇರಿಗೆ ಹೋದರು. ಕ್ಯಾಮೆರಾಗಳನ್ನು ನನ್ನ ಮೇಜಿನ ಮೇಲೆಯೇ ಮರೆತಿದ್ದರು.

ಮನೆಯಲ್ಲಿ ನಡೆದದ್ದನ್ನು ಜಲಜಮ್ಮನೇ ಆಮೇಲೆ ಹೇಳಿದರು. ಇಬ್ಬರೂ ಒಳಗೆ ಬಂದು ಅವರ ಕತ್ತನ್ನೇ ದಿಟ್ಟಿಸಿ ನಿಂತರಂತೆ. "ನಾನು ಸರ ಕಳ್ಕೊಂಡೆ ಅಂತ ಅಂದ್ಕೊಂಡ್ರೇನೋ ಅಂತ ಮುಟ್ಟಿ ನೋಡ್ಕೊಂಡೆ." ಕತ್ತು ದಪ್ಪವಾದದ್ದು ಅವರಿಗೂ ತಿಳಿದಿತ್ತು. ಸರ ಸ್ವಲ್ಪ ಬಿಗಿ ಅನಿಸುತ್ತಿತ್ತು, ವಯಸ್ಸಾಯಿತು, ದಪ್ಪ ಆಗಿದ್ದೇನೆ ಎಂದು ಸುಮ್ಮನಿದ್ದರಂತೆ. ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಹಪ್ಪಳದ ಕೆಲಸ ಇದೆ, ಆಮೇಲೆ ನೋಡೋಣ ಎಂದರು. ಇಬ್ಬರೂ ಗೋಗರೆದ ಮೇಲೆ ಒಂದು ಷರತ್ತು ಹಾಕಿದರು.

"ನೀವಿಬ್ರೂ ಒಟ್ಟಿಗೆ ಬರೋದಾದ್ರೆ ಮಾತ್ರ ಬರ್ತೀನಿ. ದಾರೀಲಿ ಯಾರಾದ್ರೂ ಲೆನ್ಸ್ ಅಂದ್ರೆ ಆಗುಂಬೆಲೇ ಇಳ್ಕೊಳ್ತೀನಿ."

ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದರು. ಸೂಜಿ ಹಾಕಿ ಪರೀಕ್ಷೆ ಮಾಡಿದ ವೈದ್ಯರು ಗಂಟನ್ನು ಬಿಡುವ ಹಾಗಿಲ್ಲ, ತೆಗೆಯಲೇಬೇಕು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ. ಆಪರೇಷನ್ನಿನ ದಿನ ನಾನೂ ಹೋಗಿದ್ದೆ. ಬಾಗಿಲ ಹೊರಗಿನ ಬೆಂಚಿನಲ್ಲಿ ಭಾವಂದಿರಿಬ್ಬರೂ ಕೂತಿದ್ದರು. ಗಣಪಯ್ಯನವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಸುಬ್ರಾಯರು ಎಲ್ಲಿಂದಲೋ ಇಡ್ಲಿ ಕಟ್ಟಿಸಿ ತಂದು, "ತಿನ್ನಿ ಭಾವ. ಅವಳು ಎದ್ದ ಕೂಡ್ಲೆ ಮೊದ್ಲು ಕೇಳೋದು ಅದನ್ನೇ. ತಿಂದಿಲ್ಲ ಅಂದ್ರೆ ನಂಗೆ ಬೈತಾಳೆ" ಎಂದು ಪೊಟ್ಟಣ ಬಿಚ್ಚಿಕೊಟ್ಟರು. ಗಣಪಯ್ಯನವರು ಒಂದು ತಿಂದು ಇನ್ನೊಂದನ್ನು ಅವರ ಕೈಗಿಟ್ಟರು. ಬಾಗಿಲು ತೆರೆದು ವೈದ್ಯರು ಎಲ್ಲ ಸರಿಯಾಯಿತು ಎಂದಾಗ ಸುಬ್ರಾಯರು ಭಾವನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಆ ತೆಳ್ಳಗಿನ ಮನುಷ್ಯ ಮುಗ್ಗರಿಸಿಬಿಟ್ಟರು.

ಜಲಜಮ್ಮ ಗುಣವಾದರು. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಬೇಕು ಎಂಬುದು ಬಿಟ್ಟರೆ ಬೇರೆ ತೊಂದರೆ ಉಳಿಯಲಿಲ್ಲ. ಕ್ಯಾಮೆರಾ ತೆಗೆದುಕೊಂಡು ಹೋಗಲು ಮೂವರೂ ಸ್ಟುಡಿಯೋಗೆ ಬಂದರು. ಸಿಹಿ ತಂದಿದ್ದರು. ಎಲ್ಲ ಸುಖವಾಗಿ ಮುಗಿಯಿತು ಎಂದು ನಾನು ತಿಳಿದೆ. ಸುಬ್ರಾಯರು ಪೇಡೆ ಬಾಯಿಗಿಟ್ಟುಕೊಂಡು ಹೇಳಿದರು.

"ಏನೇ ಹೇಳಿ, ನಾಲ್ಕು ಗಾಜು ಇದ್ದದ್ದಕ್ಕೆ ಗಂಟು ಕಂಡಿತು."

ಗಣಪಯ್ಯನವರು ಪೇಡೆ ಕೆಳಗಿಟ್ಟರು. "ಮಂಜಪ್ಪನವರು ಮೊದಲು ನೋಡಿದ್ದು ನನ್ನ ಕ್ಯಾಮೆರಾದ ಚಿತ್ರವನ್ನು. ಅವರನ್ನೇ ಕೇಳಿ."

"ನೋಡಿದ್ದು ನಿಮ್ಮದ್ರಲ್ಲಿ. ಕಂಡದ್ದು ನಂದ್ರಲ್ಲಿ!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದರೂ ಒಬ್ಬರಿಗೆ ಆ ಪೇಡೆ ಜೀರ್ಣವಾಗುವಂತಿರಲಿಲ್ಲ. ಅಷ್ಟರಲ್ಲಿ ಜಲಜಮ್ಮ ಕತ್ತಿನ ಗಾಯದ ಗೆರೆಯ ಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಅಪ್ಪ ಮಗನಿಗೊಂದು ಕೊಟ್ಟ, ಅಳಿಯನಿಗೊಂದು ಕೊಟ್ಟ. ಮಗಳಿಗೆ ಎಂತ ಕೊಟ್ಟ ಅಂತ ಇಷ್ಟು ವರ್ಷದಲ್ಲಿ ನಿಮ್ಮಿಬ್ರಲ್ಲಿ ಯಾರಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಜಲಜಮ್ಮ ಪೇಟೆಯ ಚೀಲದ ಬಾಯಿ ಅಗಲಿಸಿ ಹಿಡಿದರು. ಮೊದಲು ಗಣಪಯ್ಯನವರು ತಮ್ಮದನ್ನು ಒಳಗಿಟ್ಟರು. ಸುಬ್ರಾಯರು ಒಮ್ಮೆ ಮುಚ್ಚಳ ಸವರಿ, ನಿಟ್ಟುಸಿರು ಬಿಟ್ಟು ಅದರ ಮೇಲೆ ತಮ್ಮದನ್ನಿಟ್ಟರು. ಜಲಜಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು. ಇಬ್ಬರೂ ಹಿಂದೆಯೇ ಓಡಿ ಜೀಪಿಗೆ ಹತ್ತಿಸಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಜಲಜಮ್ಮ ಒಬ್ಬರೇ ಬಂದು ನನ್ನ ಹತ್ತಿರ ಒಂದು ಫೋಟೋ ಪ್ರಿಂಟ್ ಹಾಕಿಸಿಕೊಂಡರು. ಅವರೇ ತೆಗೆದದ್ದು. ಶೃಂಗೇರಿ ಮನೆಯ ಜಗಲಿಯಲ್ಲಿ ಭಾವಂದಿರಿಬ್ಬರೂ ಒಂದೇ ಕಂಬಕ್ಕೆ ಆಚೆ ಈಚೆಯಿಂದ ಒರಗಿ, ಊಟವಾದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾರೆ. "ಕಪ್ಪು ಬಿಳುಪು ಮಾಡಿ. ಚೌಕ ಮಾಡಿ. ಎಂತಕ್ಕೆ ಅಂತ ಕೇಳ್ಬೇಡಿ" ಎಂದರು. ಮಾಡಿಕೊಟ್ಟೆ. ಅಷ್ಟರಲ್ಲಿ ಅವರನ್ನು ಹುಡುಕಿಕೊಂಡು ಭಾವಂದಿರಿಬ್ಬರೂ ಮಹಡಿ ಹತ್ತಿ ಬಂದರು.

ಫೋಟೋ ನೋಡಿದ ಕೂಡಲೆ ಸುಬ್ರಾಯರು ಭೂತಗನ್ನಡಿಗೆ ಕೈ ಹಾಕಿದರು. "ಕಂಬದ ಗೆರೆ ನೋಡು, ಮೂಲೆವರೆಗೂ ಚೂಪಾಗಿದೆ. ಇದು ನಂದು."

"ಮುಖದ ಮೇಲಿನ ಬೆಳಕು ನೋಡಿ, ಎಷ್ಟು ಮೃದು" ಎಂದರು ಗಣಪಯ್ಯನವರು. "ಮೂರು ಗಾಜಲ್ಲದೆ ಇದು ಬರುವುದಿಲ್ಲ. ನನ್ನದು."

ಅರ್ಧ ಗಂಟೆ ವಾದ ನಡೆಯಿತು. ಒಬ್ಬರು ಚಿತ್ರದಲ್ಲಿ ಪಕ್ಕಕ್ಕಿದ್ದ ಅಡಿಕೆ ಕತ್ತರಿಯ ಹೊಳಪು ತೋರಿಸಿದರು, ಇನ್ನೊಬ್ಬರು ತಮ್ಮದೇ ಬಾಯೊಳಗಿನ ಹಲ್ಲು ಎಣಿಸಿದರು. ನಾನು ಕಾಫಿ ತರಿಸಿದೆ. ಜಲಜಮ್ಮ ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟರು.

"ಅವೆರಡೂ ಬೀರುವಿನಲ್ಲಿ ಭದ್ರವಾಗಿದಾವೆ. ಅಪ್ಪನ ನೆನಪಿಗೆ ಇಟ್ಕೊಂಡಿದೀನಿ" ಎಂದು ಹೇಳಿ, ಚೀಲದಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದ್ರಲ್ಲಿ ತೆಗೆದದ್ದು."

ಗಣಪಯ್ಯನವರು ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ಕೈ ಹಿಂತೆಗೆದುಕೊಂಡರು. ಸುಬ್ರಾಯರು ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಕಡಲೆಕಾಳಿನಷ್ಟಿದ್ದ ಲೆನ್ಸನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನ ಪಕ್ಕಕ್ಕೆ ಸರಿದು, ತಂಗಿಗೆ ಕೇಳಿಸದಂತೆ ಪಿಸುಗುಟ್ಟಿದರು.

"ಅಲ್ಲ ಮಂಜಪ್ಪ, ಇದ್ರಲ್ಲಿ ಎಷ್ಟು ಗಾಜಿದೆ?"